ಸದ್ದಿಗೂ ಒಂದು ಇತಿಹಾಸ ಇದೆ, ಮಿಣುಕು ಬೆಳಕಿಗೂ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ಮೊದಲು ವಾಲ್ಯೂಮ್ ಸ್ವಲ್ಪ ಇಳಿಸಿ. ಇವತ್ತಿನ ಸಂಚಿಕೆಗೂ ಅದಕ್ಕೂ ಸಂಬಂಧ ಇದೆ.

ಜಾತ್ರೆಯಲ್ಲಿ ಡಿಜೆ ಶುರುವಾದ ಕೂಡಲೇ ಒಂದು ಮಗು ಎರಡೂ ಕಿವಿ ಮುಚ್ಚಿಕೊಂಡು ಅಳುತ್ತೆ. ಮೆರವಣಿಗೆಯ ಫ್ಲ್ಯಾಶ್ ಲೈಟ್ ಬಿದ್ದರೆ ಒಬ್ಬ ಹುಡುಗಿಗೆ ಅರೆತಲೆನೋವು ಬರುತ್ತೆ. ಆಗ ದೊಡ್ಡವರು ಹೇಳೋ ಮಾತು ಒಂದೇ: "ಈಗಿನ ಹುಡುಗರು ಭಾಳ ನಾಜೂಕು. ನಮ್ಮ ಕಾಲದಾಗ ಇದೆಲ್ಲ ಇರಲಿಲ್ಲ." ನಿಜಾನಾ? ಬೆಳಗಾವಿ ಜಿಲ್ಲೆಯ ನಾಲ್ಕು ಊರುಗಳನ್ನ ಇಟ್ಟುಕೊಂಡು ನೋಡೋಣ.

ಮೊದಲು ಕಿತ್ತೂರು. 1824ರ ಅಕ್ಟೋಬರ್ 23. ಈಸ್ಟ್ ಇಂಡಿಯಾ ಕಂಪನಿಯ ಥ್ಯಾಕರೆ ಕೋಟೆಯ ಮುಂದೆ ಸತ್ತ ದಿನ. ಆ ದಿನದ ಗುಂಡಿನ ಸದ್ದು ಆ ಕಾಲದ ಜನರ ಕಿವಿಗೆ ಬೀಳಬಹುದಾದ ಅತಿ ದೊಡ್ಡ ಸದ್ದುಗಳಲ್ಲಿ ಒಂದು. ಆದರೆ ಅಂಥದ್ದು ಕೇಳಿಸುತ್ತಿದ್ದದ್ದು ಅಪರೂಪಕ್ಕೆ. ಉಳಿದ ದಿನ ಏನಿತ್ತು? ಎತ್ತಿನ ಗಂಟೆ, ಕುಟ್ಟೋ ಒನಕೆ, ರಾತ್ರಿ ಕತ್ತಲೆ. ಕಿತ್ತೂರಿನ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡಲು ಇದ್ದ ಕಿಂಡಿಯನ್ನ ಇವತ್ತಿಗೂ ತೋರಿಸುತ್ತಾರೆ. ಅಷ್ಟು ಕತ್ತಲೆ ಇತ್ತು ಅಂತ ಅರ್ಥ. ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡ ಬೈಲಹೊಂಗಲದಲ್ಲೂ ರಾತ್ರಿ ಅಂದ್ರೆ ಎಣ್ಣೆ ದೀಪ, ಪಂಜು ಅಷ್ಟೇ.

ಹಾಗಂತ ಹಿಂದೆ ಎಲ್ಲ ನಿಶ್ಶಬ್ದ ಇತ್ತು ಅಂತಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಹೋದವರಿಗೆ ಗೊತ್ತು. ಚೌಡಿಕೆ, ಡೊಳ್ಳು, ಲಕ್ಷಾಂತರ ಬಾಯಿಂದ "ಉಧೋ ಉಧೋ". ಆದರೆ ಡೊಳ್ಳು ಬಾರಿಸೋ ಕೈ ಸೋಲುತ್ತೆ. ಕೂಗೋ ಗಂಟಲು ಒಣಗುತ್ತೆ. ನಡುನಡುವೆ ಒಂದು ಬಿಡುವು ತಾನಾಗಿಯೇ ಬರುತ್ತೆ. ಆ ಬಿಡುವಿನಲ್ಲಿ ಕಿವಿ ಸುಧಾರಿಸಿಕೊಳ್ಳುತ್ತೆ.

ಈ ಬಿಡುವನ್ನ ಕಿತ್ತುಕೊಂಡದ್ದು ಯಂತ್ರ. ರಾಮದುರ್ಗ, ಸುರೇಬಾನದ ಕಡೆ ನೇಕಾರರ ಓಣಿ ನೆನಪಿಸಿಕೊಳ್ಳಿ. ಕೈಮಗ್ಗದ ಲಟಕ್ ಪಟಕ್ ನೇಕಾರನ ಕಾಲು ನಿಂತರೆ ನಿಲ್ಲುತ್ತೆ. ಪವರ್‌ಲೂಮ್ ಹಾಗಲ್ಲ, ಕರೆಂಟ್ ಇರೋವರೆಗೂ ಹೊಡೀತಾನೇ ಇರುತ್ತೆ. ಆ ಶೆಡ್ಡಿನೊಳಗೆ ಸದ್ದು 90 ಡೆಸಿಬಲ್ ದಾಟೋದು ಸಾಮಾನ್ಯ. ಇನ್ನು ಸಭೆ, ಜಾತ್ರೆಗಳ ಲೌಡ್‌ಸ್ಪೀಕರ್ ಹುಟ್ಟಿದ್ದು 1915ರ ಸುಮಾರಿಗೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅದಕ್ಕೆ ಸೋಲೋ ಕೈಯೂ ಇಲ್ಲ, ಒಣಗೋ ಗಂಟಲೂ ಇಲ್ಲ.

ಬೆಳಕಿನ ಕಥೆಯೂ ಹೀಗೇ. ಪಂಜು ಅಲುಗಾಡುತ್ತೆ, ಆದರೆ ಲೆಕ್ಕ ಇಟ್ಟು ಮಿಣುಕೋದಿಲ್ಲ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ನಮ್ಮ ಹಳ್ಳಿಗಳಿಗೆ ದಶಕಗಳು ತಡವಾಗಿ. ಹಳೇ ಚೋಕ್ ಇರೋ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತೆ. ಕಣ್ಣಿಗೆ ಕಾಣಲ್ಲ, ಆದರೂ ಕೆಲವರಿಗೆ ತಲೆ ಭಾರ ಆಗುತ್ತೆ. ನಿಜವಾದ ಅಪಾಯ ನಿಧಾನದ ಮಿಣುಕಿನಲ್ಲಿದೆ: ಸೆಕೆಂಡಿಗೆ 3ರಿಂದ 30 ಸಲ. 1946ರಲ್ಲೇ ಇಂಗ್ಲೆಂಡಿನ ಗ್ರೇ ವಾಲ್ಟರ್ ತಂಡ, ಮಿಣುಕು ಬೆಳಕಿಗೆ ಮೆದುಳಿನ ಅಲೆಗಳು ಹೇಗೆ ಬದಲಾಗುತ್ತವೆ ಅಂತ ತೋರಿಸಿತ್ತು. ಲೋಕಕ್ಕೆ ಅದು ಅರ್ಥ ಆದದ್ದು 1997ರ ಡಿಸೆಂಬರ್ 16ರಂದು. ಜಪಾನಿನ ಟಿವಿಯಲ್ಲಿ ಪೋಕೆಮಾನ್ ಬರುತ್ತಿದ್ದಾಗ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಹೊಡೆಯಿತು. 600ಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದರು. ನಮ್ಮ ಮೆರವಣಿಗೆಯ ಸ್ಟ್ರೋಬ್ ಲೈಟ್ ಕೂಡ ಇದೇ ವೇಗದಲ್ಲಿ ಹೊಡೆಯಬಲ್ಲದು.

ಹಾಗಾದ್ರೆ ನಾಜೂಕು ಜನ ಹಿಂದೆ ಇರಲಿಲ್ವಾ? ಇದ್ದರು, ಹೆಸರು ಇರಲಿಲ್ಲ. ಗದ್ದಲ ಕಂಡರೆ ಹಿತ್ತಿಲಿಗೆ ಹೋಗಿ ಕೂರೋ ಅಜ್ಜಿಯನ್ನ "ಆಕಿ ಸ್ವಭಾವನ ಹಂಗ" ಅಂತ ಬಿಟ್ಟುಬಿಡುತ್ತಿದ್ದರು. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದಾಗಲೇ ಆ ಮಕ್ಕಳು ದೊಡ್ಡ ಸದ್ದಿಗೆ ಬೆದರುವುದನ್ನ ದಾಖಲಿಸಿದ್ದರು. ಆದರೆ ಈ ಸಂವೇದನೆ ಅಮೆರಿಕದ ರೋಗನಿರ್ಣಯ ಕೈಪಿಡಿಯ ಲಕ್ಷಣಪಟ್ಟಿಗೆ ಸೇರಿದ್ದು 2013ರಲ್ಲಿ, 70 ವರ್ಷ ಆದಮೇಲೆ. ನಮ್ಮ ದೇಶದ ಕಾಯ್ದೆ ಆಟಿಸಂ ಅನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಸ್ಪಷ್ಟವಾಗಿ ಹೆಸರಿಸಿದ್ದು 2016ರಲ್ಲಿ. ಅಂದ್ರೆ ನರ ಬದಲಾಗಿಲ್ಲ. ಸುತ್ತಲಿನ ಸದ್ದು ಬದಲಾಯ್ತು, ಹೋಗಿ ಕೂರೋ ಹಿತ್ತಿಲು ಇಲ್ಲದಂತಾಯ್ತು.

ಹಿತ್ತಿಲನ್ನ ಮತ್ತೆ ಕಟ್ಟಿಕೊಳ್ಳೋದು ಹೇಗೆ? ಕಾನೂನಿನ ಆಸರೆ ಇದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಜನವಸತಿ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಹಬ್ಬಗಳಿಗೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿವರೆಗೆ, ಸಡಿಲಿಕೆ ಕೊಡಬಹುದು. ಮಿತಿ ಮೀರಿದರೆ 112ಕ್ಕೆ ಕರೆ ಮಾಡಿ.

ನಿಮ್ಮ ಕೈಯಲ್ಲೇ ಇರೋದೂ ಇದೆ. ಸ್ಪೀಕರಿನಿಂದ ದೂರ ಎರಡು ಪಟ್ಟಾದರೆ, ಬಯಲಲ್ಲಿ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತೆ. ಹಾಗಾಗಿ ಜಾತ್ರೆಗೆ ಹೋದ ಕೂಡಲೇ ಒಂದು ಶಾಂತ ಮೂಲೆ ಗುರುತು ಮಾಡಿಟ್ಟುಕೊಳ್ಳಿ. ಇಯರ್‌ಪ್ಲಗ್ ಗದ್ದಲಕ್ಕೆ ಇಟ್ಟುಕೊಳ್ಳಿ. ಇಡೀ ದಿನ ಹಾಕಿದರೆ ಕಿವಿ ಇನ್ನೂ ಸೂಕ್ಷ್ಮ ಆಗಬಹುದು. ಸ್ಟ್ರೋಬ್ ಎದುರಾದರೆ ಒಂದು ಕಣ್ಣನ್ನ ಅಂಗೈಯಿಂದ ಪೂರ್ತಿ ಮುಚ್ಚಿ, ಮುಖ ತಿರುಗಿಸಿ. ಬರೀ ರೆಪ್ಪೆ ಮುಚ್ಚಿದರೆ ಬೆಳಕು ಒಳಗೆ ಬರುತ್ತೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅನಿಮೇಷನ್ ಆಫ್ ಮಾಡಿ. ಮಿಣುಕು ಬೆಳಕಿಗೆ ಎಚ್ಚರ ತಪ್ಪಿದ್ದರೆ ವೈದ್ಯರನ್ನ ಕಾಣಲೇಬೇಕು. ಈ ನಾಲ್ಕೂ ಊರಿನವರಿಗೆ ಧಾರವಾಡದ ಡಿಮ್ಹಾನ್ಸ್ ದೂರವಲ್ಲ.

ಅಕ್ಟೋಬರ್ ಬಂದರೆ ಕಿತ್ತೂರು ಉತ್ಸವ. ಹೋಗಿ, ಕುಣೀರಿ. ಪಕ್ಕದಲ್ಲಿ ಯಾರಾದ್ರೂ ಕಿವಿ ಮುಚ್ಚಿಕೊಂಡು ನಿಂತಿದ್ರೆ ನಗಬೇಡಿ, ಹೊರಗೆ ಹೋಗೋಕೆ ದಾರಿ ಬಿಡಿ. ಈ ಸಂಚಿಕೆಯನ್ನ ನಿಮ್ಮೂರಿನ ಗಣೇಶೋತ್ಸವದ ವಾಟ್ಸಾಪ್ ಗುಂಪಿಗೂ ಕಳಿಸಿ. ಮತ್ತೆ ಸಿಗೋಣ.