ಸೊಪ್ಪಿನಬೆಟ್ಟದಲ್ಲಿ ಕಾಡುಹಣ್ಣಿನ ನಾಟಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಹಕ್ಕಿ, ಮಂಗಗಳ ಆಹಾರಕ್ಕಾಗಿ ಸೊಪ್ಪಿನಬೆಟ್ಟ ಹಾಗೂ ಕಾನಿನ (ನಿತ್ಯಹಸಿರು ಕಾಡಿನ) ಅಂಚುಗಳಲ್ಲಿ ಹಣ್ಣಿನ ಮರ ಬೆಳೆಸುವ ಕ್ರಮ. ಸೊಪ್ಪಿನಬೆಟ್ಟವೆಂದರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣಎಲೆ) ತರಲು ಬ್ರಿಟಿಷರ ಕಾಲದಿಂದ ಬೆಳೆಗಾರರ ಬಳಕೆಗೆ ಬಿಟ್ಟಿರುವ ಅರಣ್ಯಭೂಮಿ. ಇಳಿಜಾರಿನ ಈ ನೆಲಕ್ಕೆ ಯಂತ್ರ ಬೇಕಿಲ್ಲ, ಇಳಿಸಲೂಬಾರದು. ಸಡಿಲಾದ ಮೇಲ್ಮಣ್ಣು ಮಳೆಗಾಲದಲ್ಲಿ ಕೊಚ್ಚಿಹೋಗುತ್ತದೆ. ಗುದ್ದಲಿ, ಪಿಕಾಸಿ, ಕತ್ತಿ ಸಾಕು. ಬೇಸಿಗೆಯ ಅಡ್ಡಮಳೆಗೆ ನೆಲ ಮೆತ್ತಗಾದಾಗ ಸುಮಾರು ಒಂದೂವರೆ ಅಡಿಯ ಗುಂಡಿ ತೋಡಿ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೇರಳೆ, ಮುರುಗಲು, ರಂಜದ ಸಸಿ ನೆಡಬಹುದು. ಉಪ್ಪಾಗೆಗೆ ನೆರಳು ಬೇಕು. ಹಲಸು, ನೇರಳೆಯ ಬೀಜ ಒಣಗಿದರೆ ಮೊಳೆಯದು, ಹಸಿಯಾಗಿಯೇ ಬಿತ್ತಬೇಕು. ಗೋಳಿ, ಬಸರಿಗಳ ದಪ್ಪ ಗೂಟ ನೆಟ್ಟರೂ ಚಿಗುರುತ್ತದೆ. ಬೇರೆ ಹಣ್ಣು ವಿರಳವಾದ ತಿಂಗಳುಗಳಲ್ಲೂ ಈ ಕುಲದ ಮರಗಳಲ್ಲಿ ಫಲ ಸಿಗುವುದರಿಂದ ಮಂಗಟ್ಟೆ ಹಕ್ಕಿಗಳ ಬದುಕು ಬಹುಮಟ್ಟಿಗೆ ಇವನ್ನೇ ನಂಬಿದೆ. ಜಾಗ ಚಿಕ್ಕದಿದ್ದರೆ ಮೊದಲು ನೆಡಬೇಕಾದುದು ಇವನ್ನೇ. ಬುಡಕ್ಕೆ ದರಕು ಮುಚ್ಚಿ, ದನ ಬಾರದಂತೆ ಮುಳ್ಳುಬೇಲಿ ಕಟ್ಟಿ, ಬೇಸಿಗೆಗೆ ಮುನ್ನ ಬೆಂಕಿರೇಖೆ ಬಿಡಿಸಬೇಕು. ಶಿರಸಿ, ಸಿದ್ದಾಪುರದ ಕಾನುಗಳ ಸಿಂಗಳೀಕಗಳಿಗೆ ಉಪ್ಪಾಗೆ ಮುಖ್ಯ ಆಹಾರಗಳಲ್ಲೊಂದು. ಅವುಗಳ ರಕ್ಷಣೆಗಾಗಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು.