ಪರದೆಯಾಚೆಯ ಓದು: ಸಂಶಯಾಸ್ಪದ ಮಾಹಿತಿ ಮತ್ತು ಶಾಲಾ ಶಿಕ್ಷಣ

2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕಳ್ಳನೆಂಬ ಅನುಮಾನದಿಂದ ವಲಸೆ ಕಾರ್ಮಿಕನೊಬ್ಬನನ್ನು ಜನರ ಗುಂಪು ಹೊಡೆದು ಕೊಂದಿತು. ಆ ದಿನಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ವಿಡಿಯೊದಲ್ಲಿ ಬೈಕ್ ಸವಾರರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವು ಮೂಡಿಸಲು ತಯಾರಾದ ಕಿರುಚಿತ್ರ. ಮಗುವನ್ನು ಮರಳಿ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ತುಣುಕನ್ನು ನೂರು ಸಲ ನೋಡಿದರೂ ಈ ಸತ್ಯ ಅದರೊಳಗೆ ಸಿಗುತ್ತಿರಲಿಲ್ಲ. ಇಂಥ ಮಾಹಿತಿಯ ಒರೆಗಲ್ಲು ಅದರ ಹೊರಗಿರುತ್ತದೆ. ಅದನ್ನು ಹುಡುಕುವ ಅಭ್ಯಾಸವನ್ನು ಶಾಲೆಯೇ ಬೆಳೆಸಬೇಕೆಂಬುದು ಈ ಲೇಖನದ ವಾದ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಇತಿಹಾಸಕಾರರು, 10 ಸತ್ಯಶೋಧಕ ಪತ್ರಕರ್ತರು ಹಾಗೂ 25 ಪದವಿ ವಿದ್ಯಾರ್ಥಿಗಳಿದ್ದರು. ಮಕ್ಕಳ ವೈದ್ಯರ ಎರಡು ಸಂಸ್ಥೆಗಳ ಜಾಲತಾಣಗಳನ್ನು ಅವರ ಮುಂದಿಡಲಾಯಿತು. ಒಂದು 1930ರಲ್ಲಿ ಸ್ಥಾಪನೆಯಾದ ಬೃಹತ್ ವೃತ್ತಿಸಂಘ. ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಬಂದ ಪುಟ್ಟ ಗುಂಪು. ವಿದ್ಯಾರ್ಥಿಗಳಲ್ಲಿ ಹಲವರು ಪುಟದ ಅಂದಕ್ಕೆ, ಉಲ್ಲೇಖಗಳ ಪಟ್ಟಿಗೆ ಮರುಳಾದರು. ಎಷ್ಟೋ ಇತಿಹಾಸಕಾರರೂ ಎಡವಿದರು. ಪತ್ರಕರ್ತರು ಮಾತ್ರ ಪುಟವನ್ನು ಬಿಟ್ಟು, ಆ ಸಂಸ್ಥೆಗಳ ಬಗ್ಗೆ ಉಳಿದವರು ಏನು ಹೇಳುತ್ತಾರೆಂದು ಮೊದಲು ಹುಡುಕಿದರು. ಇದನ್ನು ‘ಹೊರಗಿನ ಓದು’ ಎನ್ನಬಹುದು. ಇದೇ ಸಂಶೋಧಕರ ಬಳಗ ಮುಂದೆ 3,446 ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಮತದಾನದ ಅಕ್ರಮದ ವಿಡಿಯೊವೊಂದನ್ನು ತೋರಿಸಿತು. ಅದು ಅಮೆರಿಕದ್ದಲ್ಲ, ರಷ್ಯಾದ್ದು ಎಂದು ಮೂಲ ಪತ್ತೆ ಹಚ್ಚಿದವರು ಮೂವರೇ.

ಈ ಓದು ಒಂದೇ ದಿನದ ಉಪನ್ಯಾಸದಿಂದ ಬರುವುದಿಲ್ಲ. 2019ರ ಲೋಕಸಭಾ ಚುನಾವಣೆಯ ವೇಳೆ ಸಂಶೋಧಕಿ ಸುಮಿತ್ರಾ ಬದರಿನಾಥನ್ ಬಿಹಾರದಲ್ಲಿ 1,224 ಜನರ ನಡುವೆ ನಡೆಸಿದ ಪ್ರಯೋಗದಲ್ಲಿ ಸುಮಾರು ಒಂದು ಗಂಟೆಯ ತರಬೇತಿ ಒಟ್ಟಾರೆಯಾಗಿ ಫಲ ಕೊಡಲಿಲ್ಲ. ಬಳಿಕ ಅದೇ ರಾಜ್ಯದ 583 ಹಳ್ಳಿಗಳಲ್ಲಿ ಸುಮಾರು 13,500 ವಿದ್ಯಾರ್ಥಿಗಳನ್ನೊಳಗೊಂಡ ಪ್ರಯೋಗದಲ್ಲಿ ವಾರಗಟ್ಟಲೆ ತರಗತಿಯಲ್ಲೇ ಪಾಠ ನಡೆಯಿತು. ಅದರ ಪರಿಣಾಮ ನಾಲ್ಕು ತಿಂಗಳ ನಂತರವೂ ಉಳಿದಿತ್ತು, ತಂದೆತಾಯಂದಿರಿಗೂ ತಲುಪಿತ್ತು.

ನಮ್ಮ ಮಕ್ಕಳಿಗೆ ಪ್ರಶ್ನೆಯ ಉತ್ತರ ಪಾಠದೊಳಗೇ ಇರುತ್ತದೆಂಬ ರೂಢಿಯಿದೆ. ಮೊಬೈಲಿನ ಪರದೆಗೆ ಆ ರೂಢಿ ಸಲ್ಲದು. ಹೇಳಿದವರು ಯಾರು, ಬೇರೆಡೆ ವರದಿಯಾಗಿದೆಯೇ, ಚಿತ್ರದ ಮೂಲ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕನ್ನಡ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರೆಲ್ಲ ವರ್ಷವಿಡೀ ಕೇಳಿಸಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ನಮ್ಮ ಗಾದೆ ಇಂದು ಪಠ್ಯಕ್ರಮದ ಭಾಗವಾಗಬೇಕಿದೆ.