ಅರಸನ ಹೆಸರು, ಮಂತ್ರಿಯ ಅಧಿಕಾರ: ಲಂಡನ್, ಸಾತಾರಾ ಮತ್ತು ವಿಜಾಪುರದ ಸೀಮೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ವಿದ್ಯಾರ್ಥಿಗೆ ಹದಿನೆಂಟನೆಯ ಶತಮಾನದ ಬ್ರಿಟನ್ನಿನ ಚರಿತ್ರೆಯು ದೂರದ್ದೆಂದು ತೋರುವುದು ಸಹಜ. ಅದನ್ನು ಅವನು ಮಂತ್ರಿಮಂಡಲದ ವಿಕಾಸವೆಂದು ಬಾಯಿಪಾಠ ಮಾಡುತ್ತಾನೆ. ತನ್ನ ಸೀಮೆಯ ಅದೇ ಕಾಲವನ್ನು ‘ಮರಾಠರ ಕಾಲ’ವೆಂಬ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಆದರೆ ಅರಸನ ಹೆಸರಿನಲ್ಲಿ ಆಳುವ ಮಂತ್ರಿಯು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಯು ಎರಡೂ ಕಡೆಗಳಲ್ಲಿ ಏಕಕಾಲಕ್ಕೆ ಎದ್ದಿತ್ತು.

ಸಾತಾರೆಯ ಶಾಹೂ ಮಹಾರಾಜನು 1720ರಲ್ಲಿ ಬಾಜೀರಾಯನನ್ನು ಪೇಶ್ವೆಯನ್ನಾಗಿ ನೇಮಿಸಿದನು. ಮರುವರ್ಷವೇ ಲಂಡನ್ನಿನಲ್ಲಿ ವಾಲ್ಪೋಲನು ಖಜಾನೆಯ ಮುಖ್ಯಾಧಿಕಾರವನ್ನು ವಹಿಸಿಕೊಂಡನು. ಒಂದನೆಯ ಜಾರ್ಜನಿಗೆ ಇಂಗ್ಲಿಷು ಬಾರದ್ದರಿಂದಲೇ ಮಂತ್ರಿಗಳು ಪ್ರಬಲರಾದರೆಂಬ ಕಥೆ ನಮ್ಮ ತರಗತಿಗಳಲ್ಲಿ ಬಲು ಪ್ರಿಯವಾದುದು. ಮಂತ್ರಿಗಳೊಡನೆ ಅವನು ಫ್ರೆಂಚಿನಲ್ಲಿ ವ್ಯವಹರಿಸಬಲ್ಲವನಾಗಿದ್ದುದರಿಂದ ಈ ಕಥೆಗೆ ಹೆಚ್ಚು ಬೆಲೆ ಕೊಡಲಾಗದು. ವಾಲ್ಪೋಲನ ನಿಜವಾದ ಬಲವು ಕಾಮನ್ಸ್ ಸಭೆಯ ಬಹುಮತದಲ್ಲಿತ್ತು. ಅದು ಕೈಬಿಟ್ಟೊಡನೆ, ಎರಡನೆಯ ಜಾರ್ಜನ ಪ್ರೀತಿ ಇದ್ದಾಗಲೂ, 1742ರಲ್ಲಿ ಅವನು ಅಧಿಕಾರ ಬಿಡಬೇಕಾಯಿತು. ಬಾಜೀರಾಯನಾದರೋ 1740ರಲ್ಲಿ ತೀರಿಕೊಂಡಾಗ ಪೇಶ್ವೆಯ ವಸ್ತ್ರಗಳು ಅವನ ಮಗನಿಗೆ ಸಂದವು. 1749ರಲ್ಲಿ ಶಾಹೂ ಕಾಲವಾದನು; ಮರುವರ್ಷ ಸಾಂಗೋಲೆಯಲ್ಲಿ ನಡೆದ ಏರ್ಪಾಟಿನಿಂದ ರಾಜ್ಯದ ಸೂತ್ರಗಳೆಲ್ಲ ಪುಣೆಗೆ ಹೋದವು. ಮಂತ್ರಿ ಪ್ರಬಲನಾದುದು ಎರಡೂ ಕಡೆ ಸಮಾನವೇ. ಅವನನ್ನು ಲೆಕ್ಕ ಕೇಳುವ ಸಭೆ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಈ ರಾಜಕಾರಣವು ತೆರಿಗೆಯ ರೂಪದಲ್ಲಿ ಕಾಣಿಸಿಕೊಂಡಿತು. 1724ರಿಂದ ನಿಜಾಮನ ವಶದಲ್ಲಿದ್ದ ಈ ಪ್ರದೇಶದ ಮೇಲೆ, ದಿಲ್ಲಿಯ ಬಾದಶಹನು 1719ರಲ್ಲಿ ಕೊಟ್ಟ ಸನದಿನ ಬಲದಿಂದ, ಶಾಹುವಿನ ಹೆಸರಿನಲ್ಲಿ ಚೌಥ ಮತ್ತು ಸರದೇಶಮುಖಿಯ ಹಕ್ಕು ಸಾಧಿಸಲಾಗುತ್ತಿತ್ತು. ಮೊದಲನೆಯದು ಶೇಕಡಾ 25, ಎರಡನೆಯದು ಶೇಕಡಾ 10. ರೈತನ ಕಣ್ಣಿಗೆ ಬೀಳುತ್ತಿದ್ದ ಸರಕಾರವೆಂದರೆ ನಾಡಗೌಡ, ದೇಸಾಯಿ, ಕುಲಕರ್ಣಿಗಳು. ಮುದ್ದೇಬಿಹಾಳವನ್ನು ಸುಮಾರು 1680ರಲ್ಲಿ ಬಸರಕೋಡದ ನಾಡಗೌಡರ ಪೂರ್ವಿಕನಾದ ಪರಮಣ್ಣನು ನೆಲೆಗೊಳಿಸಿದನೆಂದೂ, ಅಲ್ಲಿಯ ಕೋಟೆಯನ್ನು ಅವನ ಮಗ ಹುಚ್ಚಪ್ಪನು ಸುಮಾರು 1720ರಲ್ಲಿ ಕಟ್ಟಿಸಿದನೆಂದೂ ಜಿಲ್ಲಾ ಗೆಜೆಟಿಯರು ಹೇಳುತ್ತದೆ. ಬಾದಶಹ, ನಿಜಾಮ, ಛತ್ರಪತಿ, ಪೇಶ್ವೆ ಎಂಬ ನಾಲ್ಕು ಹೆಸರುಗಳು ಮೇಲೆ ಬದಲಾಗುತ್ತಿದ್ದಾಗ ಊರಿಗೆ ಆಸರೆಯೂ ಅಂಜಿಕೆಯೂ ಆಗಿದ್ದುದು ಇಂತಹ ಮಣ್ಣಿನ ಕೋಟೆಗಳೇ ಇರಬೇಕು.

1760ರ ಉದಗೀರ ಯುದ್ಧದ ಫಲವಾಗಿ ವಿಜಾಪುರವು ಪೇಶ್ವೆಯದಾಯಿತು. ಅದೇ ವರ್ಷ ಪಟ್ಟಕ್ಕೆ ಬಂದ ಮೂರನೆಯ ಜಾರ್ಜನು ಮಂತ್ರಿಗಳನ್ನು ತಾನೇ ಆರಿಸುವ ಹಟ ತೊಟ್ಟನು. ಆದುದರಿಂದ ಬ್ರಿಟನ್ನಿನಲ್ಲಿಯೂ ಪ್ರಶ್ನೆ ಇತ್ಯರ್ಥವಾಗಿತ್ತೆಂದು ತಿಳಿಯಬಾರದು. 1783ರಲ್ಲಿ ಫಾಕ್ಸನ ಇಂಡಿಯಾ ಮಸೂದೆಯು ಕಾಮನ್ಸ್ ಸಭೆಯಲ್ಲಿ ಗೆದ್ದಿತು. ಅದಕ್ಕೆ ಮತ ಕೊಡುವವನನ್ನು ತನ್ನ ಶತ್ರುವೆಂದೆಣಿಸುವುದಾಗಿ ಅರಸನು ಟೆಂಪಲ್ ಪ್ರಭುವಿನ ಮುಖಾಂತರ ಲಾರ್ಡ್ಸ್ ಸಭೆಯವರಿಗೆ ತಿಳಿಸಿದನು. ಮಸೂದೆ ಬಿದ್ದಿತು, ಮಂತ್ರಿಮಂಡಲವೂ ಹೋಯಿತು. 24 ವರ್ಷದ ಪಿಟ್ಟನು ಪ್ರಧಾನಿಯಾಗಿ 1784ರಲ್ಲಿ ಬೇರೊಂದು ಕಾಯಿದೆಯನ್ನು ತಂದು, ಕಂಪನಿಯ ಮೇಲೆ ನಿಯಂತ್ರಣ ಮಂಡಳಿಯನ್ನು ಕೂಡಿಸಿದನು.

ಈ ಅರಮನೆಯ ಜಗಳದ ಫಲವು ನಮ್ಮ ಸೀಮೆಯನ್ನು ಮುಂದೆ ಮುಟ್ಟಿತು. 1818ರಲ್ಲಿ ಪೇಶ್ವಾಯಿ ಅಳಿದಾಗ ಕಂಪನಿಯವರು ಪ್ರತಾಪಸಿಂಹನನ್ನು ಸಾತಾರೆಯ ಗದ್ದುಗೆಯ ಮೇಲೆ ಕೂಡಿಸಿ, ವಿಜಾಪುರವನ್ನು ಅವನ ರಾಜ್ಯಕ್ಕೆ ಸೇರಿಸಿದರು. ಇಂಡಿ, ಹಿಪ್ಪರಗಿ, ಮುದ್ದೇಬಿಹಾಳಗಳಾದರೋ 1838ರಲ್ಲಿ ರಚಿತವಾದ ಕಂಪನಿಯ ಸೊಲ್ಲಾಪುರ ಜಿಲ್ಲೆಯಲ್ಲಿದ್ದವು. ಹೀಗೆ ನೆರೆಹೊರೆಯ ಊರುಗಳಲ್ಲಿ ಒಂದಕ್ಕೆ ಅರಸನಿದ್ದನು, ಇನ್ನೊಂದಕ್ಕೆ ಕಲೆಕ್ಟರನಿದ್ದನು. 1839ರಲ್ಲಿ ಪ್ರತಾಪಸಿಂಹನನ್ನು ಬಹಿರಂಗ ವಿಚಾರಣೆಯಿಲ್ಲದೆ ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿದರು. ಅವನ ವಕೀಲನಾದ ರಂಗೋ ಬಾಪೂಜಿಯು ಲಂಡನ್ನಿಗೆ ಹೋಗಿ, ಕಂಪನಿಯ ಪಾಲುದಾರರ ಮುಂದೆ, ನಿಯಂತ್ರಣ ಮಂಡಳಿಯ ಮುಂದೆ, ಪಾರ್ಲಿಮೆಂಟಿನ ಸದಸ್ಯರ ಮುಂದೆ ಅಹವಾಲು ಹೇಳಿಕೊಂಡನು. ಮಂತ್ರಿಯನ್ನು ಲೆಕ್ಕ ಕೇಳಬಲ್ಲ ಸಭೆ ಅಲ್ಲಿ ಇದ್ದೇ ಇತ್ತು. ಆದರೆ ಸಾತಾರೆಯ ಪ್ರಜೆಗೆ ಅದರಲ್ಲಿ ಮತವಿರಲಿಲ್ಲ. 1847ರಲ್ಲಿ ಪ್ರತಾಪಸಿಂಹನು ಕಾಶಿಯಲ್ಲಿ ತೀರಿಕೊಂಡನು, 1848ರಲ್ಲಿ ರಾಜ್ಯವೇ ಕಂಪನಿಗೆ ಸೇರಿತು, ವಿಜಾಪುರವೂ ಅದರೊಡನೆ ಹೋಯಿತು. ರಂಗೋ ಬಾಪೂಜಿಯು 1853ರಲ್ಲಿ ಬರಿಗೈಯಿಂದ ಹಿಂದಿರುಗಿದನು.